ಎರಡು ಬಾಗಿಲಿನ ಕಾರಿನಲ್ಲಿ ಒಂಬತ್ತು ಚಳಿಗಾಲ

ನಾನು ಕಾರು ಓಡಿಸಲು ಕಲಿತದ್ದು ಅಪ್ಪನ ಮಾರುತಿ 800ರಲ್ಲಿ. ನಾವು ಮೂಡಿಗೆರೆ ಕಡೆಯವರು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಅಪ್ಪ ಪಕ್ಕದಲ್ಲಿ ಕೂತು ಒಂದೇ ಮಾತು ಹೇಳುತ್ತಿದ್ದರು: "ನಿಧಾನ ಮಾಡೋದೆಲ್ಲ ತಿರುವಿಗೆ ಮುಂಚೆ ಮಾಡ್ಕೋ, ತಿರುವಲ್ಲಿ ಬ್ರೇಕ್ ಒತ್ತಬೇಡ." ಸುಮಾರು 650 ಕಿಲೋ ತೂಕದ ಪುಟ್ಟ ಕಾರು. ಶಕ್ತಿ ಅಷ್ಟಕ್ಕಷ್ಟೇ. ಆದರೆ ಸ್ಟೇರಿಂಗ್ ಹಿಡಿದರೆ ರಸ್ತೆಯ ಒಂದೊಂದು ಕಲ್ಲೂ ಕೈಗೆ ಗೊತ್ತಾಗುತ್ತಿತ್ತು.

ಈಗ ನಾನಿರುವುದು ಅಮೆರಿಕದ ಮಿಶಿಗನ್‌ನಲ್ಲಿ. ಮನೆ ನೋವೈ ಊರಲ್ಲಿ, ಆಫೀಸು ಡಿಯರ್‌ಬಾರ್ನ್‌ನಲ್ಲಿ. ಹೋಗಿ ಬರಲು ದಿನಕ್ಕೆ 50 ಮೈಲಿ ಹತ್ತಿರ ಆಗುತ್ತದೆ. 2016ರ ತನಕ ನನ್ನ ಹತ್ತಿರ ಒಂದು ದೊಡ್ಡ ಸೆಡಾನ್ ಇತ್ತು. ಕೆಟ್ಟ ಕಾರೇನಲ್ಲ. ಆದರೆ ಆಫೀಸಿಗೆ ತಲುಪಿ ಇಳಿದಾಗ, ದಾರಿಯಲ್ಲಿ ಏನೇನು ಕಂಡೆ ಅಂತ ನೆನಪೇ ಇರುತ್ತಿರಲಿಲ್ಲ. ದಿನಕ್ಕೆ ಒಂದೂವರೆ ಗಂಟೆ ಹಾಗೇ ಹೋಗುತ್ತಿತ್ತು. ನನಗೆ ಬೇಕಾಗಿದ್ದದ್ದು ವೇಗ ಅಲ್ಲ. ಆ ಹಳೆಯ ಹಗುರ ಬೇಕಾಗಿತ್ತು.

ಬಜೆಟ್ 16 ಸಾವಿರ ಡಾಲರ್. ಒಂದೇ ಶನಿವಾರ ಎರಡು ಕಾರು ಓಡಿಸಿ ನೋಡಿದೆ. ಒಂದು 2013ರ ವಿ6 ಮಸ್ಟಾಂಗ್, 305 ಹಾರ್ಸ್‌ಪವರ್. ಇನ್ನೊಂದು ಅದೇ ವರ್ಷದ, ಟೊಯೋಟಾದವರೇ ಸೈಯಾನ್ ಅನ್ನುವ ಹೆಸರಲ್ಲಿ ಮಾರುತ್ತಿದ್ದ ಎಫ್‌ಆರ್‌ಎಸ್, 200 ಹಾರ್ಸ್‌ಪವರ್. ಬೇರೆ ದೇಶಗಳಲ್ಲಿ ಇದೇ ಕಾರಿಗೆ ಟೊಯೋಟಾ 86, ಜಿಟಿ86 ಅಂತ ಹೆಸರು. ಸುಬಾರು ಬಿಆರ್‌ಝಡ್ ಇದರ ಅವಳಿ. ಎರಡೂ ತಯಾರಾಗುವುದು ಜಪಾನಿನ ಗುನ್ಮಾದಲ್ಲಿರುವ ಸುಬಾರು ಕಾರ್ಖಾನೆಯಲ್ಲಿ. ಮಸ್ಟಾಂಗ್ ನೇರ ರಸ್ತೆಯಲ್ಲಿ ಸೀಟಿಗೆ ಒತ್ತಿ ಹಿಡಿದು ಓಡುತ್ತದೆ. ಎಫ್‌ಆರ್‌ಎಸ್ ಹಾಗಲ್ಲ. ಆದರೆ ಮೊದಲ ತಿರುವಿನಲ್ಲೇ ನನ್ನ ತೀರ್ಮಾನ ಆಗಿಹೋಯಿತು. ತೂಕ ಸುಮಾರು 1,250 ಕಿಲೋ, ಮಸ್ಟಾಂಗ್‌ಗಿಂತ 300 ಕಿಲೋ ಮೇಲೇ ಹಗುರ. ಎಂಜಿನ್‌ನ ಸಿಲಿಂಡರ್‌ಗಳು ನಿಂತಿರುವುದಿಲ್ಲ. ಎರಡು ಆ ಕಡೆ, ಎರಡು ಈ ಕಡೆ ಮಲಗಿರುತ್ತವೆ. ಅದರಿಂದ ಭಾರವೆಲ್ಲ ನೆಲಕ್ಕೆ ಹತ್ತಿರ. ಸ್ಟೇರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗುತ್ತದೆ, ಮೈ ಓಲಾಡುವುದಿಲ್ಲ.

38 ಸಾವಿರ ಮೈಲಿ ಓಡಿದ್ದ, ಆರು ಗೇರಿನ ಮ್ಯಾನ್ಯುಯಲ್ ಕಾರನ್ನು 15,500 ಡಾಲರಿಗೆ ಕೊಂಡೆ. ಸೈಯಾನ್ ಹೆಸರನ್ನು ಟೊಯೋಟಾ ನಿಲ್ಲಿಸಿದ್ದೂ ನಾನು ಕೊಂಡ ಆ ವರ್ಷವೇ, 2016ರಲ್ಲಿ. ಆದರೆ ಕಾರು ಟೊಯೋಟಾ 86 ಅಂತ ಮುಂದುವರಿಯಿತು. ಹಾಗಾಗಿ ಬಿಡಿಭಾಗಗಳಿಗೆ ಇವತ್ತಿಗೂ ಪರದಾಡಿಲ್ಲ.

ದಿನಾ ಓಡಿಸುವಾಗ ಈ ಎಂಜಿನ್ ಬಗ್ಗೆ ಒಂದು ವಿಷಯ ತಿಳಿದಿರಬೇಕು. 3,500 ಆರ್‌ಪಿಎಂನಿಂದ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) 4,500ರ ತನಕ ಎಳೆತ ಸ್ವಲ್ಪ ಕುಗ್ಗುತ್ತದೆ. ಪೂರ್ತಿ ಶಕ್ತಿ ಸಿಗುವುದು 7,000ದಲ್ಲಿ. ಹೈವೇಗೆ ಸೇರುವ ರ‍್ಯಾಂಪಿನಲ್ಲಿ ಹೊಸಬರು ಮೂರನೇ ಗೇರಿಗೆ ಬೇಗ ಹಾಕಿ, "ಏನಪ್ಪಾ, ಕಾರು ಎಳೆಯೋದೇ ಇಲ್ಲ" ಅನ್ನುತ್ತಾರೆ. ಎರಡನೇ ಗೇರಿನಲ್ಲೇ ಇನ್ನಷ್ಟು ಹೊತ್ತು ಇಟ್ಟುಕೊಳ್ಳಬೇಕು. ಸದ್ದು ಜಾಸ್ತಿ ಆಯಿತು ಅಂತ ಹೆದರಬಾರದು. ಇದು ಕೂಗಿಸಿಯೇ ಓಡಿಸಬೇಕಾದ ಎಂಜಿನ್. ಟ್ರಾಫಿಕ್‌ನಲ್ಲಿ ಕ್ಲಚ್ ಹಗುರವಾಗಿದೆ, ಕಾಲು ನೋಯುವುದಿಲ್ಲ. ಹೈವೇಯಲ್ಲಿ ಟೈರಿನ ಸದ್ದು ಮಾತ್ರ ಜೋರಾಗಿಯೇ ಕೇಳುತ್ತದೆ. ಫೋನಿನಲ್ಲಿ ಮಾತಾಡುತ್ತಾ ಆಫೀಸಿಗೆ ಹೋಗುವ ಅಭ್ಯಾಸ ಇದ್ದವರಿಗೆ ಈ ಕಾರು ಸರಿಹೋಗಲ್ಲ.

ಸಂಜೆ ಪುರುಸೊತ್ತಿದ್ದರೆ ಹೈವೇ ಬಿಟ್ಟು ಹೈನ್ಸ್ ಡ್ರೈವ್‌ನಲ್ಲಿ ಮನೆಗೆ ಬರುತ್ತೇನೆ. ಡಿಯರ್‌ಬಾರ್ನ್ ಕಡೆಯಿಂದ ನಾರ್ತ್‌ವಿಲ್ ತನಕ ರೂಜ್ ನದಿಯ ಪಕ್ಕದಲ್ಲೇ ಬಳುಕಿ ಬರುವ ರಸ್ತೆ. ಜೋರು ಮಳೆ ಬಂದರೆ ನದಿ ಉಕ್ಕಿ ರಸ್ತೆ ಮುಚ್ಚುತ್ತಾರೆ. ಇಲ್ಲಿ ನಲವತ್ತು ಮೈಲಿ ವೇಗದಲ್ಲೇ ಈ ಕಾರಿನ ಸುಖವೆಲ್ಲ ಸಿಗುತ್ತದೆ. ಕಾನೂನು ಮುರಿಯದೆ ಖುಷಿ ಕೊಡುತ್ತದಲ್ವಾ, ಅದಕ್ಕೇ ನನಗೆ ಇದು 300 ಹಾರ್ಸ್‌ಪವರಿನ ಕಾರಿಗಿಂತ ದೊಡ್ಡದು.

ಇನ್ನು ಚಳಿಗಾಲ. ಹಿಂದಿನ ಚಕ್ರದಿಂದ ಓಡುವ, ನೆಲದಿಂದ ಸುಮಾರು ಐದು ಇಂಚು ಎತ್ತರದ ಕಾರನ್ನು ಮಿಶಿಗನ್ ಹಿಮದಲ್ಲಿ ಓಡಿಸ್ತೀನಿ ಅಂದಾಗ ಆಫೀಸಿನಲ್ಲಿ ಎಲ್ಲರೂ ಬೇಡ ಅಂದರು. ಅವರ ಭಯದಲ್ಲಿ ಅರ್ಧ ನಿಜ. ಕಾರಿನ ಜೊತೆ ಬರುವ ಬೇಸಿಗೆ ಟೈರಿನಲ್ಲಿ ಹಿಮಕ್ಕೆ ಇಳಿದರೆ ಖಂಡಿತ ಜಾರುತ್ತದೆ. ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗುತ್ತದೆ, ಹಿಮ ಇಲ್ಲದಿದ್ದರೂ ಹಿಡಿತ ಬಿಡುತ್ತದೆ. ಹಾಗಾಗಿ ಕಾರು ಕೊಂಡ ಮೊದಲ ತಿಂಗಳಲ್ಲೇ ಚಳಿಗಾಲದ ನಾಲ್ಕು ಟೈರು, ಬೇರೆ ನಾಲ್ಕು ರಿಮ್ ಕೊಂಡೆ. ಈ ಖರ್ಚನ್ನು ಕಾರಿನ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಬೇಕು. ಆಮೇಲೆ ನೋಡೋಣ ಅಂದರೆ ಆಗಲ್ಲ.

ಬೇಸಿಗೆಗೆ 17 ಇಂಚಿನ ರಿಮ್, 215/45 ಟೈರು. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ. ಚಳಿಗಾಲಕ್ಕೆ ನಾನು ಆರಿಸಿದ್ದು 16 ಇಂಚಿನ ರಿಮ್, 205/55 ಟೈರು. ಅಗಲ ಕಡಿಮೆ ಇದ್ದರೆ ಹಿಮವನ್ನು ಸೀಳಿ ಕೆಳಗಿನ ರಸ್ತೆ ಮುಟ್ಟುತ್ತದೆ. ಪಕ್ಕದ ಗೋಡೆ ಎತ್ತರ ಇದ್ದರೆ ಗುಂಡಿಯಿಂದ ರಿಮ್ ಉಳಿಯುತ್ತದೆ. ಇದನ್ನು ನಾನು ನಷ್ಟ ಮಾಡಿಕೊಂಡೇ ಕಲಿತೆ. ಎರಡನೇ ವರ್ಷ ಮಾರ್ಚ್‌ನಲ್ಲಿ ನಾಲ್ಕು ದಿನ ಬಿಸಿಲು ಬಂತು ಅಂತ ಆಸೆಯಿಂದ ಬೇಸಿಗೆ ಚಕ್ರ ಹಾಕಿದೆ. ನೀರು ರಸ್ತೆಯ ಬಿರುಕಿಗೆ ಇಳಿದು, ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ, ಹಗಲು ಕರಗಿ, ಗುಂಡಿ ಬೀಳುವ ಕಾಲ ಅದು. ಕತ್ತಲಲ್ಲಿ ಒಂದು ಗುಂಡಿಗೆ ಮುಂದಿನ ಬಲ ಚಕ್ರ ಇಳಿಯಿತು. ರಿಮ್ ಅಂಚು ಹೆಬ್ಬೆರಳಿನಷ್ಟು ಅಗಲ ಒಳಗೆ ಮಡಚಿತ್ತು. ಅಲ್ಲಿಂದ ಈಚೆಗೆ ಏಪ್ರಿಲ್ ಅರ್ಧ ಕಳೆಯುವ ತನಕ ಬೇಸಿಗೆ ಚಕ್ರ ಮುಟ್ಟುವುದಿಲ್ಲ.

ಮೊದಲ ಹಿಮ ಬಿದ್ದ ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ ಒಂದು ಗಂಟೆ ಅಭ್ಯಾಸ ಮಾಡಿದೆ. ಹಿಂಭಾಗ ಜಾರಲು ಶುರುವಾದರೆ ಸೀಟಿನ ಕೆಳಗೆ, ಸೊಂಟಕ್ಕೆ ಗೊತ್ತಾಗುತ್ತದೆ. ಆಗ ಬ್ರೇಕ್ ತುಳಿಯಬಾರದು. ಆಕ್ಸಿಲರೇಟರ್‌ನಿಂದ ಕಾಲನ್ನು ಮೆತ್ತಗೆ ತೆಗೆದು, ಹೋಗಬೇಕಾದ ಕಡೆಗೆ ಕಣ್ಣು ಇಟ್ಟು, ಸ್ಟೇರಿಂಗ್ ಅದೇ ಕಡೆಗೆ ತಿರುಗಿಸಿದರೆ ಕಾರು ತಾನಾಗಿ ಸರಿಹೋಗುತ್ತದೆ. ನಿಂತಲ್ಲಿಂದ ಹೊರಡುವಾಗ ಎರಡನೇ ಗೇರ್. ಒಂಬತ್ತು ಚಳಿಗಾಲದಲ್ಲಿ ಒಮ್ಮೆಯೂ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿಲ್ಲ. ಹಾಗಂತ ಆರು ಇಂಚು ಹಿಮ ಬಿದ್ದ ದಿನ ಹೊರಗೆ ತೆಗೆಯುವುದೂ ಇಲ್ಲ. ಬಂಪರ್ ಹಿಮ ತಳ್ಳಲು ಶುರು ಮಾಡಿದರೆ ಯಾವ ಟೈರೂ ಕಾಪಾಡಲ್ಲ. ಅಂಥ ದಿನ ಮನೆಯಿಂದಲೇ ಕೆಲಸ.

ಯಾರೂ ಮುಂಚೆ ಹೇಳದ ಒಂದು ತೊಂದರೆ ಬಾಗಿಲಿನ ಗಾಜಿನದು. ಈ ಬಾಗಿಲಿಗೆ ಗಾಜಿನ ಸುತ್ತ ಚೌಕಟ್ಟಿಲ್ಲ. ಹಿಡಿ ಎಳೆದ ಕೂಡಲೇ ಗಾಜು ಒಂಚೂರು ಕೆಳಗಿಳಿದು ರಬ್ಬರಿನಿಂದ ಬಿಡಿಸಿಕೊಳ್ಳುತ್ತದೆ, ಆಮೇಲೆ ಬಾಗಿಲು ತೆರೆಯುತ್ತದೆ. ರಾತ್ರಿ ಮಳೆ ಬಂದು ಬೆಳಿಗ್ಗೆ ಹೆಪ್ಪುಗಟ್ಟಿದರೆ ಗಾಜು ರಬ್ಬರಿಗೆ ಅಂಟಿಕೊಂಡು ಇಳಿಯುವುದೇ ಇಲ್ಲ. ಅವಸರದಲ್ಲಿ ಎಳೆದರೆ ರಬ್ಬರು ಕಿತ್ತು ಬರುತ್ತದೆ. ನವೆಂಬರ್‌ನಲ್ಲೇ ಬಟ್ಟೆಗೆ ಸಿಲಿಕೋನ್ ಗ್ರೀಸ್ ಹಚ್ಚಿ ರಬ್ಬರಿನ ಉದ್ದಕ್ಕೂ ಒರೆಸಿಡುತ್ತೇನೆ. ಹತ್ತು ನಿಮಿಷದ ಕೆಲಸ. ಇಡೀ ಚಳಿಗಾಲ ನೆಮ್ಮದಿ.

ಸಾಮಾನು ಸಾಗಿಸುವುದು ಜನ ಅಂದುಕೊಂಡಷ್ಟು ಕಷ್ಟ ಇಲ್ಲ. ಡಿಕ್ಕಿ ಅಗಲವಾಗಿದೆ, ಆಳ ಕಡಿಮೆ. 20 ಪೌಂಡಿನ ಸೋನಾ ಮಸೂರಿ ಚೀಲ ನಾಲ್ಕು, ಹಿಟ್ಟು, ಬೇಳೆ ಎಲ್ಲ ಮಲಗಿಸಿ ಇಡಬಹುದು. ನಿಲ್ಲಿಸಿಯೇ ಇಡಬೇಕಾದ್ದು ಬಂದಾಗ ತೊಂದರೆ. ಪಂಪ ಕನ್ನಡ ಕೂಟದ ಊಟಕ್ಕೆ ಒಮ್ಮೆ ಬಿಸಿಬೇಳೆ ಬಾತ್ ಮಾಡಿದ ದೊಡ್ಡ ಪಾತ್ರೆ ಒಯ್ಯಬೇಕಿತ್ತು. ಡಿಕ್ಕಿ ಮುಚ್ಚಲಿಲ್ಲ. ಕೊನೆಗೆ ಮುಂದಿನ ಸೀಟಿನ ಕಾಲಿಡುವ ಜಾಗದಲ್ಲಿ ಹಳೆ ಬೆಡ್‌ಶೀಟ್ ಸುರುಳಿ ಸುತ್ತಿ ಅದರೊಳಗೆ ಕೂರಿಸಿದೆ. ಒಂದು ಹನಿ ಚೆಲ್ಲಲಿಲ್ಲ. ಹಿಂದಿನ ಸೀಟು ಒಂದೇ ಹಲಗೆಯ ಹಾಗೆ ಪೂರ್ತಿ ಮಡಚುತ್ತದೆ. ಮಡಚಿದರೆ ನಾಲ್ಕು ಚಕ್ರ ಒಳಗೆ ಹಿಡಿಯುತ್ತವೆ. ರೇಸ್ ಟ್ರ್ಯಾಕಿಗೆ ಹೋಗುವವರು ತಮ್ಮ ಟೈರು ತಾವೇ ಒಯ್ಯಲಿ ಅಂತ ಹಾಗೆ ಮಾಡಿದ್ದಾರೆ. ನನಗೆ ಅದು ವರ್ಷಕ್ಕೆರಡು ಸಲ ಟೈರ್ ಅಂಗಡಿಗೆ ಹೋಗಲು ಉಪಯೋಗಕ್ಕೆ ಬಂತು. ಪುಸ್ತಕದ ಕಪಾಟನ್ನೂ ಹೀಗೇ ತಂದಿದ್ದೇನೆ.

2018ರಲ್ಲಿ ಅಪ್ಪ ಅಮ್ಮ ಬಂದಿದ್ದರು. ಅಪ್ಪನಿಗೆ ಮಂಡಿ ನೋವು. ಮಾಮೂಲಿ ಕಾರಿಗೆ ಹತ್ತುವ ಹಾಗೆ ಒಂದು ಕಾಲು ಮೊದಲು ಒಳಗಿಟ್ಟರೆ, ಇಡೀ ಭಾರ ಒಂದೇ ಮಂಡಿ ಮೇಲೆ ಬೀಳುತ್ತದೆ. ಎರಡು ದಿನ ನೋಡಿ ಒಂದು ಕ್ರಮ ಹೇಳಿಕೊಟ್ಟೆ. "ಅಪ್ಪ, ಸೀಟಿಗೆ ಬೆನ್ನು ಮಾಡಿ ನಿಂತ್ಕೊಳ್ಳಿ. ಮೊದಲು ಕೂತ್ಕೊಳ್ಳಿ. ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಗೊಳ್ಳಿ." ಇಳಿಯುವಾಗ ಇದರ ಉಲ್ಟಾ, ಜೊತೆಗೆ ಎದ್ದೇಳಲು ನನ್ನ ಕೈ. ಮೂರನೇ ದಿನದಿಂದ ಅವರೇ ಸಲೀಸಾಗಿ ಕೂರುತ್ತಿದ್ದರು. ಅಕ್ಟೋಬರ್‌ನಲ್ಲಿ ಎಲೆಗಳೆಲ್ಲ ಕೆಂಪಾದ ಹೊತ್ತಿಗೆ ಹೈನ್ಸ್ ಡ್ರೈವ್‌ಗೆ ಕರೆದುಕೊಂಡು ಹೋದೆ. ಅಪ್ಪ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, "ನಮ್ ಎಂಟ್ನೂರರ ಹಾಗೇ ಇದೆ ಕಣೋ, ಮೈಗೆ ಹತ್ತಿರ" ಅಂದರು. ಅಮ್ಮನಿಗೆ ಮಾತ್ರ ನೆಲದ ಮೇಲೆ ಕೂತು ಹೋದ ಹಾಗಾಗಿ ಹೆದರಿಕೆ. ನೋವೈ ವೆಂಕಟೇಶ್ವರ ದೇವಸ್ಥಾನಕ್ಕೆ ಎಲ್ಲರೂ ಹೊರಟರೆ ಹೆಂಡತಿಯ ಕಾರೇ.

ಇದು ಮುಖ್ಯ. ನಮ್ಮ ಮನೆಯಲ್ಲಿ ಎರಡು ಕಾರಿವೆ. ಒಂದೇ ಕಾರು, ಪುಟ್ಟ ಮಗು ಇರುವವರಿಗೆ ಇದನ್ನು ತಗೊಳ್ಳಿ ಅಂತ ನಾನು ಹೇಳುವುದಿಲ್ಲ. ಮಗಳು ಹುಟ್ಟಿದ್ದು 2019ರಲ್ಲಿ. ಹಿಂದಕ್ಕೆ ಮುಖ ಮಾಡಿ ಕೂರಿಸುವ ಶಿಶು ಸೀಟನ್ನು ಇದರಲ್ಲಿ ಕಟ್ಟಿದರೆ, ಅದರ ಮುಂದಿನ ಸೀಟು ಡ್ಯಾಶ್‌ಬೋರ್ಡ್ ತನಕ ಹೋಗುತ್ತದೆ, ಅಲ್ಲಿ ದೊಡ್ಡವರು ಕೂರಲು ಆಗಲ್ಲ. ಮಗುವನ್ನು ಬಗ್ಗಿ ಒಳಗೆ ಇಟ್ಟು ಬೆಲ್ಟ್ ಹಾಕುವಾಗ ಸೊಂಟ ಹಿಡಿದುಕೊಳ್ಳುತ್ತದೆ. ಹಾಗಾಗಿ ಮೊದಲ ಮೂರು ವರ್ಷ ಅವಳು ತನ್ನ ಅಮ್ಮನ ಕಾರಿನಲ್ಲೇ ಓಡಾಡಿದಳು. ಮುಂದಕ್ಕೆ ಮುಖ ಮಾಡುವ ಸೀಟಿಗೆ ಬದಲಾದ ಮೇಲೆ ಎಲ್ಲ ಸುಲಭ ಆಯಿತು. ಈಗ ಮುಂದಿನ ಸೀಟು ಬಗ್ಗಿಸಿದರೆ ತಾನೇ ಹತ್ತಿ ಕೂರುತ್ತಾಳೆ.

ಖರ್ಚಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪ್ರೀಮಿಯಂ ಪೆಟ್ರೋಲೇ ಬೇಕು. ನನಗೆ ಗ್ಯಾಲನ್‌ಗೆ 27, 28 ಮೈಲಿ ಸಿಗುತ್ತದೆ. ಮಿಶಿಗನ್‌ನಲ್ಲಿ ವಿಮೆ ದುಬಾರಿ, ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಅಂದರೆ ಇನ್ನೂ ಏರಬಹುದು. ಕಾರು ಒಪ್ಪಿಕೊಳ್ಳುವ ಮುಂಚೆಯೇ ಫೋನ್ ಮಾಡಿ ಕಂತು ಎಷ್ಟು ಅಂತ ಕೇಳಿಕೊಳ್ಳಿ. ಎಂಜಿನ್ ಆಯಿಲ್ ನಾನೇ ಬದಲಾಯಿಸುತ್ತೇನೆ. ಆಯಿಲ್ ಫಿಲ್ಟರ್ ಎಂಜಿನ್‌ನ ಮೇಲ್ಗಡೆಯೇ ಇದೆ, ಬಾನೆಟ್ ಎತ್ತಿದರೆ ಕೈಗೆ ಸಿಗುತ್ತದೆ. ಸುತ್ತ ಒಂದು ಬಟ್ಟೆ ಇಟ್ಟು ಬಿಚ್ಚಿದರೆ ಕೈ ಕೊಳೆಯೂ ಆಗಲ್ಲ. 0ಡಬ್ಲ್ಯು-20 ಸಿಂಥೆಟಿಕ್ ಆಯಿಲ್, ಐದೂವರೆ ಲೀಟರ್ ಹತ್ತಿರ ಬೇಕು. ಕಾರು ತಗ್ಗು ಆದ್ದರಿಂದ, ಅಡಿಯಲ್ಲಿ ಕೆಲಸ ಮಾಡಲು ಎತ್ತರಿಸುವ ರ‍್ಯಾಂಪ್‌ಗೆ ಹತ್ತಿಸುವ ಮುಂಚೆ ಎರಡು ಮರದ ಹಲಗೆ ಇಡಬೇಕು, ಇಲ್ಲದಿದ್ದರೆ ಬಂಪರ್ ಉಜ್ಜುತ್ತದೆ. ಸ್ಪಾರ್ಕ್ ಪ್ಲಗ್ ಮಾತ್ರ ಗ್ಯಾರೇಜಿಗೆ ಬಿಟ್ಟೆ. ಮಲಗಿದ ಎಂಜಿನ್ ಆದ್ದರಿಂದ ಪ್ಲಗ್‌ಗಳು ಎರಡೂ ಪಕ್ಕದಲ್ಲಿರುತ್ತವೆ, ಪಾನಾ ತಿರುಗಿಸಲು ಜಾಗವೇ ಇಲ್ಲ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಾಗಾಗಿ ಎರಡು ವಾರಕ್ಕೊಮ್ಮೆ ಕಾರಿನ ಅಡಿ ತೊಳೆಸುತ್ತೇನೆ. ಇದುವರೆಗೆ 1,12,000 ಮೈಲಿ ಆಗಿದೆ. ಕ್ಲಚ್ ಹಳೆಯದೇ ಇದೆ, ಮುಂದಿನ ವರ್ಷಕ್ಕೆ ಹಣ ಎತ್ತಿಟ್ಟಿದ್ದೇನೆ.

ಮಗಳ ಕಾಲು ಉದ್ದ ಆಗುತ್ತಿದೆ. ಮುಂದಿನ ಸೀಟಿನ ಬೆನ್ನಿಗೆ ಅವಳ ಬೂಟು ತಾಗಲು ಶುರುವಾಗಿದೆ. ಹಿಂದಿನ ಸೀಟಿನಲ್ಲಿ ಅವಳಿಗೆ ಇನ್ನೆರಡು ಚಳಿಗಾಲ ಇರಬಹುದು. ಈ ಶನಿವಾರ ಚಕ್ರ ಬದಲಾಯಿಸಬೇಕು. ಈಗೆರಡು ವರ್ಷದಿಂದ ಅಂಗಡಿಗೆ ಕೊಡುವುದು ಬಿಟ್ಟು ಮನೆಯಲ್ಲೇ ಮಾಡುತ್ತಿದ್ದೇವೆ. ನಾನು ಜಾಕ್ ಏರಿಸಿ ನಟ್ಟು ಬಿಚ್ಚಿ ಕೊಡುತ್ತೇನೆ, ಅವಳು ಸ್ಟೀಲ್ ಬಟ್ಟಲಿಗೆ ಹಾಕುತ್ತಾ ಎಣಿಸುತ್ತಾಳೆ. ಚಕ್ರಕ್ಕೆ ಐದು, ಒಟ್ಟು ಇಪ್ಪತ್ತು. ಕೊನೆಗೆ ಟಾರ್ಕ್ ಪಾನಾ (ಎಷ್ಟು ಬಿಗಿ ಅಂತ ಅಳೆಯುವ ಪಾನಾ) 89 ಅಡಿ-ಪೌಂಡಿಗೆ ಇಟ್ಟು ಬಿಗಿಮಾಡುವಾಗ ಟಕ್ ಅಂತ ಸದ್ದು ಬರುತ್ತದೆ. ಅದನ್ನೂ ಅವಳೇ ಎಣಿಸಬೇಕು. ಇಪ್ಪತ್ತು ಸಲ ಕೇಳದಿದ್ದರೆ ಮೊದಲಿಂದ ಮಾಡಿಸುತ್ತಾಳೆ.