ಬೋಗೋಣಿಗೊಂದು ಕುಂಚಗಿ

ಚಾರಣಕ್ಕ ಹೋದ ಹುಡುಗರು ಸಣ್ಣ ಗ್ಯಾಸಿನ ಮ್ಯಾಲ ಅಕ್ಕಿ ಇಟ್ಟು, ಇಪ್ಪತ್ತು ನಿಮಿಷ ಉರಿ ಹಚ್ಚಿಕೊಂಡು ಸುತ್ತ ಕುಂತಿರತಾರ. ಗಾಳಿಗಿ ಅರ್ಧ ಉರಿ ಪಕ್ಕಕ್ಕ ಹೋಗ್ತದ, ತಳ ಹತ್ತತದ, ಮ್ಯಾಲಿನ ಅಕ್ಕಿ ಹಸೀನೇ ಇರ್ತದ. ಎರಡನೇ ದಿನ ಗ್ಯಾಸ್ ಡಬ್ಬಿ ಖಾಲಿ ಅಂತ ಬಾಯಿ ಬಡಕೋತಾರ. ಇದನ್ನ ನೋಡಿ ನೋಡಿ ಸಾಕಾಗಿ ಬರೀಲಕತ್ತೀನಿ. ಅಕ್ಕಿ ಬೇಯಲಿಕ್ಕ ಬೇಕಾದದ್ದು ಬಿಸಿ, ಉರಿ ಅಲ್ಲ. ಒಂದು ಸಲ ಕುದ್ದ ಬೋಗೋಣಿ ಬಿಸಿ ಹೊರಗ ಹೋಗದಂಗ ಹಿಡದಿಟ್ರ, ಉಳಿದ ಕೆಲಸ ಅದೇ ಮಾಡಿಕೋತದ.

ನಮ್ಮ ಕಡಿಗಿ ಇದೇನು ಹೊಸಾದಲ್ಲ. ಎಳ್ಳಮಾಸಿ (ಎಳ್ಳು ಅಮವಾಸಿ) ದಿನ ಹೊಲಕ್ಕ ಹೋಗುವಾಗ ಭಜ್ಜಿ (ಸೊಪ್ಪು, ಕಾಳು ಕೂಡಿಸಿ ಮಾಡೋ ಪಲ್ಯ) ಗಡಿಗಿಗಿ ಹಳೇ ಧೋತರ ಸುತ್ತಿ, ಬುಟ್ಟಿಯೊಳಗ ಕೌದಿ ಹಾಸಿ ಇಟ್ಟು ಒಯ್ಯತಿದ್ರು. ಚರಗ ಚೆಲ್ಲಿ, ಅಂದ್ರ ಹೊಲಕ್ಕ ಎಡಿ ಎರಚಿ, ಊಟಕ್ಕ ಕುಂಡ್ರೋ ತನಕ ಕೈ ಸುಡುವಷ್ಟು ಬಿಸಿ ಇರ್ತಿತ್ತು. ಇದೇ ಉಪಾಯದ ಪೆಟ್ಟಿಗಿ ಒಂದನ್ನ 1867ರಾಗ ಪ್ಯಾರಿಸ್ ಪ್ರದರ್ಶನಕ್ಕ ನಾರ್ವೆ ದೇಶದವರು ತಂದಿಟ್ಟಿದ್ರು. ಆದ್ರ ಕೌದಿ ಹೊತ್ತುಕೊಂಡು ಗುಡ್ಡ ಹತ್ತಲಿಕ್ಕ ಆಗೂದಿಲ್ಲ. ಅದಕ ಬೋಗೋಣಿಗಿ ತೊಡಿಸೋ, ಬಿಸಿ ಹಿಡಿಯೋ ಹಗುರಾದ ಕುಂಚಗಿ ಬೇಕು, ಕೂಸಿನ ತಲಿಗಿ ಹಾಕ್ತೀವಲ್ಲ, ಹಂಗ.

ಸಾಮಾನು ಊರಾಗೇ ಸಿಗ್ತದ. ಬ್ಯಾಸಿಗಿ ಝಳಕ್ಕ ಪತ್ರಾಸ ಮನಿಯ ಸೂರಿಗಿ ಹೊಡೀತಾರಲ್ಲ, ಎರಡೂ ಕಡೆ ಬೆಳ್ಳಿ ಬಣ್ಣ, ನಡುವ ಗಾಳಿ ಗುಳ್ಳಿ ಇರೋ ಬಬಲ್ ಶೀಟು, ಅದು ಒಂದು ಮೀಟರ್ ತಂದ್ರ ಎರಡು ಕುಂಚಗಿ ಆಗ್ತಾವ. ಕಾರಿನ ಗಾಜಿಗಿ ಹಚ್ಚೋ ಅಂಥದೇ ಪರದಿ ಹಳೇದಿದ್ರ ಅದೂ ನಡೀತದ. ಅಂಟಿಸಲಿಕ್ಕ ಏಸಿ ರಿಪೇರಿಯವರು ಹಚ್ಚೋ ಎರಡಿಂಚಿನ ಅಲ್ಯುಮಿನಿಯಂ ಟೇಪ್ ತರ್ರಿ. ಪುಸ್ತಕಕ್ಕ ಹಚ್ಚೋ ಪಾರದರ್ಶಕ ಟೇಪ್ ಹಚ್ಚಿದವರನ್ನ ಕಂಡ್ರ ಸಿಟ್ಟು ಬರ್ತದ. ಒಂದು ಉಗಿ ಹೊಡದ್ರ ಸಾಕು, ಬಿಚ್ಚಿಕೊಂಡು ಜೋತಾಡ್ತದ.

ಈಗ ಅಳತಿ. ಎಲ್ಲರೂ ಕೆಡಿಸೋದು ಇಲ್ಲೇ. 14 ಸೆಂ.ಮೀ. ಅಗಲದ ಬೋಗೋಣಿಗಿ ಸುತ್ತಳತಿ 44 ಸೆಂ.ಮೀ. ಅಂತ ಲೆಕ್ಕ ಹಾಕಿ ಪಟ್ಟಿ ಕತ್ತರಿಸ್ತೀರಿ. ಸುತ್ತಲಿಕ್ಕ ಹೋದ್ರ ಕೂಡೂದೇ ಇಲ್ಲ. ಶೀಟಿಗಿ ತನ್ನದೇ ದಪ್ಪ ಅದ, ನಾಲ್ಕು ಮಿಲಿಮೀಟರ್ ದಪ್ಪಿದ್ರ ಒಂದು ಸೆಂ.ಮೀ.ಗಿಂತ ಜಾಸ್ತಿ ಕಡಿಮಿ ಬೀಳ್ತದ. ಆಮ್ಯಾಲ ಎಳದು ಎಳದು ಅಂಟಿಸ್ತೀರಿ, ಗುಳ್ಳಿ ಚಪ್ಪಟಿ ಆಗ್ತಾವ. ಬಿಸಿ ತಡಿಯೋದು ಆ ಗುಳ್ಳಿಯೊಳಗಿನ ಗಾಳಿ, ಅದನ್ನೇ ಹಿಂಡಿ ತಗದ್ರ ಉಳಿಯೋದು ಬರೇ ಪ್ಲಾಸ್ಟಿಕ್ಕು. ಸಡಲ ಮಾಡಿದ್ರೂ ಕೆಟ್ಟೇ, ಬೋಗೋಣಿಗಿ ಕುಂಚಗಿಗಿ ನಡುವ ಗಾಳಿ ಓಡಾಡಿ ಬಿಸಿ ಮ್ಯಾಲ ಒಯ್ದು ಬಿಡ್ತದ.

ಅದಕ ನಾನು ಲೆಕ್ಕ ಹಾಕಂಗಿಲ್ಲ, ಪೇಪರ್ ಸುತ್ತತೀನಿ. ಈ ಮಾತು ಎಲ್ಲರ ಮನಿಯೊಳಗ ಹೇಳತೀನಿ, ಯಾರೂ ಕಿವಿಗಿ ಹಾಕ್ಕೊಳ್ಳೂದಿಲ್ಲ. ದಿನಪತ್ರಿಕಿಯ ಒಂದು ಹಾಳಿ ಎರಡು ಮಡಿಕಿ ಮಾಡಿ ಬೋಗೋಣಿಗಿ ಒಂದೇ ಸುತ್ತು ಬಿಗಿಯಾಗಿ ಸುತ್ತರಿ, ದಾರ ಕಟ್ಟರಿ. ಅದರ ಮ್ಯಾಲ ಶೀಟು ಸುತ್ತರಿ, ಬೆರಳಿಲೆ ಒತ್ತಬ್ಯಾಡ್ರಿ, ಸುಮ್ಮನ ಅಪ್ಪಿಕೊಂಡಂಗ ಇರಲಿ. ಎರಡೂ ಅಂಚು ಒಂದಕ್ಕೊಂದು ಮುಟ್ಟೋ ಜಾಗಕ್ಕ ಪೆನ್ನಿಲೆ ಗೆರಿ ಹೊಡದು ಕತ್ತರಿಸ್ರಿ. ಒಂದರ ಮ್ಯಾಲ ಒಂದು ಏರಿಸಬ್ಯಾಡ್ರಿ. ಏರಿಸಿದ್ರ ಅಲ್ಲಿ ಉಬ್ಬಿ, ಮುಚ್ಚಳ ಕೂಡುವಾಗ ಸಂದಿ ಬಿಡ್ತದ. ಅಂಚಿಗಿ ಅಂಚು ಕೂಡಿಸಿ ಹೊರಗ ಒಂದು ಟೇಪ್ ಹಚ್ಚರಿ. ಆಮ್ಯಾಲ ಬೋಗೋಣಿ ತಗದು ಒಳಗ ಒಂದು. ಚಮಚಿ ಬೆನ್ನಿಲೆ ಟೇಪನ್ನ ತಿಕ್ಕರಿ, ಒಂದು ಸುಕ್ಕೂ ಉಳೀಬಾರದು, ಸುಕ್ಕಿನೊಳಗೇ ಉಗಿ ನುಗ್ಗೋದು. ಪೇಪರ್ ತಗದ ಮ್ಯಾಲ ಆ ದಪ್ಪದಷ್ಟೇ ಸಡಲ ಉಳೀತದ. ಬೋಗೋಣಿ ಎತ್ತಿದ್ರ ಕುಂಚಗಿ ಅಂಟಿಕೊಂಡು ಬರೂದಿಲ್ಲ, ಬಿಟ್ರ ತನ್ನಷ್ಟಕ್ಕ ಒಳಗ ಇಳೀತದ.

ತಳಕ್ಕ ಎರಡು ಪದರ ಹಾಕ್ರಿ. ತಣ್ಣನ ಬಂಡಿಗಲ್ಲು ಬಿಸಿ ಕುಡಿಯೋದು ತಳದಿಂದಲೇ. ಕತ್ತರಿಸಿದ ಅಂಚಿಗೆಲ್ಲ ಟೇಪ್ ಮಡಿಚಿ ಮುಚ್ಚರಿ, ಇಲ್ಲಂದ್ರ ಗುಳ್ಳಿಯೊಳಗ ನೀರು ಹೊಕ್ಕು ಕೆಟ್ಟ ವಾಸನಿ ಬರ್ತದ. ಮುಚ್ಚಳಕ್ಕ ಅದೇ ಶೀಟಿನ ಬ್ಯಾರೆ ಟೊಪ್ಪಿಗಿ ಮಾಡಿ, ಅದಕ್ಕ ನಾಲ್ಕು ಬೆರಳು ಉದ್ದದ ಅಂಚು ಕೂಡಿಸ್ರಿ, ಕುಂಚಗಿಯ ಹೊರಗ ಇಳೀಬೇಕು, ಒಳಗಲ್ಲ. ಬಿಸಿ ಹೆಚ್ಚು ಹೋಗೋದು ಉಗಿಯ ಜೊತಿ, ಮ್ಯಾಲಿನಿಂದ. ಹಿಡಿಕಿ ಇದ್ರ ಅಷ್ಟಕ್ಕಷ್ಟೇ ಸೀಳರಿ.

ಕುಂಚಗಿ ಹಾಕಿದ ಬೋಗೋಣಿ ಉರಿ ಮ್ಯಾಲ ಇಡಲೇಬಾರದು. ಅದು ಪ್ಲಾಸ್ಟಿಕ್ಕು, ಕರಗಿ ಪಾತ್ರಿಗಿ ಮೆತ್ತಿಕೊಂಡ್ರ ಕೆರದ್ರೂ ಹೋಗಂಗಿಲ್ಲ. ಉರಿ ಆರಿಸಿದ ಕೂಡ್ಲೆ ತಳ ಕುದಿಯೋ ನೀರಿಗಿಂತ ಬಿಸಿ ಇರ್ತದ, ಇಪ್ಪತ್ತು ಎಣಿಸಿ ಆಮ್ಯಾಲ ಇಳಸ್ರಿ. ಕಟಗಿ ಒಲಿ ಆದ್ರ ಮಸಿ ತಳ ಒಳಗೆಲ್ಲ ಬಳೀತದ. ಒಲಿ ಮ್ಯಾಲ ಇಡೂದಕ್ಕ ಮೊದಲು ಪಾತ್ರಿ ಹೊರಗ ತೆಳ್ಳಗ ಬೂದಿ ನೀರು ಬಳೀಬೇಕು ಅನ್ನೋದನ್ನೂ ಈಗಿನವರು ಮರತಾರ. ಆಮ್ಯಾಲ ತಾಸುಗಟ್ಟಲೆ ತಿಕ್ಕತಾರ.

ಏನು ಬೇಯ್ತದ, ಏನು ಬೇಯೂದಿಲ್ಲ ಅನ್ನೋದು ತಿಳಕೊಳ್ರಿ. ಉಪ್ಪಿಟ್ಟಿನ ರವಾ ಮನಿಯೊಳಗೇ ಒಗ್ಗರಣಿ ಹಾಕಿ ಕೆಂಪಗ ಹುರದು ಒಯ್ರಿ. ಅಲ್ಲಿ ನೀರು ಕುದ್ದ ಮ್ಯಾಲ ಸುರದು, ಗಂಟಾಗದಂಗ ತಿರುವಿ, ಉರಿ ಆರಿಸಿ, ಕುಂಚಗಿಯೊಳಗ ಹತ್ತು ನಿಮಿಷ ಇಡ್ರಿ. ಶಾವಿಗಿಗಿ ಒಂದು ಕುದಿ, ಆರೇಳು ನಿಮಿಷ. ಕಿಚಡಿಗಿ ಎರಡು ಮುಷ್ಟಿ ಸಣ್ಣಕ್ಕಿ, ಒಂದು ಮುಷ್ಟಿ ಹೆಸರಬ್ಯಾಳಿ; ಊಟದ ಜಾಗ ಮುಟ್ಟೂದಕ್ಕ ಅರ್ಧ ತಾಸು ಮೊದಲು ಗಟ್ಟಿ ಮುಚ್ಚಳದ ಡಬ್ಬಿಯೊಳಗ ನೆನಿ ಹಾಕ್ರಿ, ನಡೀತಾ ನಡೀತಾ ನೆನೀತದ. ಅಕ್ಕಿ ಮ್ಯಾಲ ಬೆರಳಿನ ಒಂದೂವರಿ ಗೆರಿ ನೀರು ಸಾಕು. ಉಗಿ ಹೋಗೂದಿಲ್ಲ, ಅದಕ ಮನಿಯೊಳಗ ಹಾಕಿದಷ್ಟು ಹಾಕಿದ್ರ ಗಂಜಿ ಆಗ್ತದ. ಮುಚ್ಚಿ ಐದು ನಿಮಿಷ ಕುದಸ್ರಿ, ಇಳಿಸಿ ಅರ್ಧ ತಾಸು ಬಿಡ್ರಿ. ನಡುನಡುವ ತಗದು ನೋಡಬ್ಯಾಡ್ರಿ ತಮ್ಮಾ, ಒಂದು ಸಲ ತಗದ್ರ ಐದು ನಿಮಿಷದ ಬಿಸಿ ಹೋಯ್ತು.

ತೊಗರಿಬ್ಯಾಳಿ ಮಾತ್ರ ಒಯ್ಯಬ್ಯಾಡ್ರಿ. ನಮ್ಮ ಕಲಬುರಗಿ ತೊಗರಿಗಿ 2019ರಾಗ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕದ, ಅದರ ರುಚಿ ಬಿಟ್ಟು ಇರಲಿಕ್ಕ ಆಗಂಗಿಲ್ಲ, ಖರೇ. ಆದ್ರ ಅದಕ್ಕ ಕುದಿ ಬೇಕೇ ಬೇಕು, ಆರುತ್ತಾ ಹೋಗೋ ನೀರಿನೊಳಗ ಅದು ಕಲ್ಲಿನಂಗೇ ಉಳೀತದ. ಬೇಕಂದ್ರ ಮನಿಯೊಳಗ ಬೇಯಿಸಿ, ಬಿಸಲಿಗಿ ಒಣಗಿಸಿ, ಪುಡಿ ಮಾಡಿ ಒಯ್ರಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಜೊತಿಗಿದ್ರ ಬ್ಯಾರೇನೂ ಬೇಕಾಗಂಗಿಲ್ಲ.

ಹಿಮಾಲಯಕ್ಕ ಹೋಗೋರು ಇನ್ನೊಂದು ತಿಳಕೊಳ್ರಿ. 300 ಮೀಟರ್ ಏರಿದ್ರ ನೀರು ಸುಮಾರು ಒಂದು ಡಿಗ್ರಿ ಕಡಿಮಿ ಬಿಸಿಗೇ ಕುದೀತದ. 3,600 ಮೀಟರ್ ಮ್ಯಾಲ 88 ಡಿಗ್ರಿಗೇ ಕುದಿ ಬರ್ತದ, ಅಲ್ಲಿ ಕುದಿ ಒಂದೆರಡು ನಿಮಿಷ ಹೆಚ್ಚು ಕೊಡ್ರಿ, ಕುಂಚಗಿಯೊಳಗ ಇಡೋ ಹೊತ್ತು ದುಪ್ಪಟ್ಟು ಮಾಡ್ರಿ. ಗ್ಯಾಸ್ ಡಬ್ಬಿ ರೈಲಿನಾಗ ಒಯ್ಯಂಗಿಲ್ಲ, ಅಲ್ಲೇ ಕೊಳ್ರಿ. ಚಿಂಚೋಳಿ ಅಭಯಾರಣ್ಯದ ಒಳಗ ಉರಿ ಹಚ್ಚಲೇಬ್ಯಾಡ್ರಿ, ಒಣ ಹುಲ್ಲಿಗಿ ಒಂದು ಕಿಡಿ ಸಾಕು. ಅಲ್ಲಿಗಿ ಹೋಗೋರು ಮುಂಜಾನಿ ಊರಾಗೇ ಕುದಿಸಿ, ಕುಂಚಗಿ ಸಮೇತ ಟವೆಲಿನೊಳಗ ಸುತ್ತಿಕೊಂಡು ಒಯ್ದು, ಒಂದು ತಾಸಿನೊಳಗ ಉಣ್ರಿ.

ಬೋಗೋಣಿ ಮುಕ್ಕಾಲು ತುಂಬಿದ್ರನೇ ಬಿಸಿ ನಿಲ್ಲತದ. ತಳದಾಗ ಎರಡು ಮುಷ್ಟಿ ಅನ್ನ ಇಟ್ಟು ಆರಿತು ಅಂತ ಕುಂಚಗಿಗಿ ಬೈಬ್ಯಾಡ್ರಿ. ಉಳಿದದ್ದನ್ನ ರಾತ್ರಿಪೂರ್ತಿ ಅದರೊಳಗೇ ಬಿಡೋದು ಇನ್ನೂ ದೊಡ್ಡ ತಪ್ಪು. 60 ಡಿಗ್ರಿಗಿಂತ ಕೆಳಗ ಇಳಿದು ಉಗುರುಬೆಚ್ಚಗ ಉಳಿದ ಅನ್ನದಾಗ ಕಣ್ಣಿಗಿ ಕಾಣದ ಬ್ಯಾಕ್ಟೀರಿಯಾ ಬೆಳೀತಾವ, ಮತ್ತ ಕಾಯಿಸಿದ್ರೂ ಅವು ಬಿಟ್ಟ ವಿಷ ಹೋಗಂಗಿಲ್ಲ.

ಮನಿಗಿ ಬಂದ ಮ್ಯಾಲ ಒದ್ದಿ ಬಟ್ಟಿಲೆ ಒಳಗ ಒರಸಿ, ಬೋರಲ ಇಟ್ಟು ನೆರಳಾಗ ಒಣಗಿಸ್ರಿ. ಮಡಿಚಿ ಇಡಬ್ಯಾಡ್ರಿ, ಮಡಿಕಿ ಬಿದ್ದಲ್ಲಿ ಬೆಳ್ಳಿ ಪದರ ಸೀಳತದ. ಮಾಗಿ ಚಳಿಯೊಳಗ ಬೀದರದವರು ಮಸರು ಹೆಪ್ಪುಗಟ್ಟವಲ್ದು ಅಂತಾರಲ್ಲ, ಹಾಲು ಕಿರುಬೆರಳು ತಡಿಯುವಷ್ಟು ಆರಿದ ಮ್ಯಾಲ ಹೆಪ್ಪು ಹಾಕಿ, ಇದೇ ಕುಂಚಗಿಯೊಳಗ ಇಟ್ಟು ಮಲಗ್ರಿ, ಮುಂಜಾನಿ ತನಕ ಅಲುಗಾಡಿಸಬ್ಯಾಡ್ರಿ.