ತುವಾಲುವಿನ ಹಳೆಯ ಛಾಯಾಚಿತ್ರಗಳನ್ನು ಕಾಪಿಡುವ ಬಗೆ

ಪೆಸಿಫಿಕ್ ಸಾಗರದ ತುವಾಲು ಒಂಬತ್ತು ದ್ವೀಪಗಳ ದೇಶ. ಅಲ್ಲಿನ ಅತಿ ಎತ್ತರದ ನೆಲವೂ ಸಮುದ್ರಮಟ್ಟದಿಂದ ಐದು ಮೀಟರ್ ದಾಟದು. ಏರುತ್ತಿರುವ ಸಮುದ್ರ ನೆಲವನ್ನು ನುಂಗೀತೆಂಬ ಆತಂಕದಿಂದ, ತಮ್ಮ ನಾಡನ್ನು ಡಿಜಿಟಲ್ ರೂಪದಲ್ಲಿ ಉಳಿಸಿಕೊಳ್ಳುವ ಯೋಜನೆಯನ್ನು ಸಚಿವ ಸೈಮನ್ ಕೊಫೆ 2022ರಲ್ಲಿ ಪ್ರಕಟಿಸಿದರು. ಹಳೆಯ ಚಿತ್ರಗಳನ್ನು ಉಳಿಸುವಂಥ ಕೆಲಸಕ್ಕೆ ಹೊರಟವರು ಸಾಮಾನ್ಯವಾಗಿ ಸ್ಕ್ಯಾನರಿನಿಂದ ಆರಂಭಿಸುತ್ತಾರೆ. ಚಿತ್ರದಲ್ಲಿರುವವರ ಗುರುತು ಹೇಳಬಲ್ಲ ಹಿರಿಯರು ಸ್ಕ್ಯಾನರಿನಷ್ಟು ಕಾಲ ಕಾಯಲಾರರು. ಆದ್ದರಿಂದ ಅವರಿಂದಲೇ ಆರಂಭಿಸುವುದು ಲೇಸು.

ಚಿತ್ರಗಳ ದೊಡ್ಡ ಪ್ರತಿ ತೆಗೆಸಿ ಊರಿನ ಸಭಾಮಂದಿರಕ್ಕೆ ಒಯ್ದು, ಹಿರಿಯರು ತಮ್ಮ ನುಡಿಯಲ್ಲೇ ಮಾತಾಡುವುದನ್ನು ಧ್ವನಿಮುದ್ರಿಸಿಕೊಳ್ಳಬೇಕು. ಹೆಸರು, ದ್ವೀಪ, ಸಂದರ್ಭಗಳ ಜೊತೆಗೆ ಅದನ್ನು ಹೇಳಿದವರು ಯಾರೆಂಬುದನ್ನೂ ಬರೆದಿಡಬೇಕು. ಒಂದೇ ಮುಖಕ್ಕೆ ಇಬ್ಬರು ಎರಡು ಹೆಸರು ಹೇಳಿದರೆ ಎರಡೂ ದಾಖಲಾಗಲಿ. ತೀರ್ಪು ಕೊಡುವ ಅವಸರ ಬೇಡ. ಚಿತ್ರವನ್ನು ಹೊರಗೆ ತೋರಿಸುವ ಮುನ್ನ ಆ ಕುಟುಂಬದ ಒಪ್ಪಿಗೆ ಪಡೆಯಬೇಕು.

ಕಾಲ ನಮೂದಾಗದ ಚಿತ್ರಕ್ಕೆ ನೆಲವೇ ಸಾಕ್ಷಿ ಹೇಳುತ್ತದೆ. 1942ರಲ್ಲಿ ತುವಾಲುವಿನ ರಾಜಧಾನಿಯಾದ ಫುನಾಫುತಿ ಹವಳದ್ವೀಪಕ್ಕೆ ಬಂದಿಳಿದ ಅಮೆರಿಕದ ಪಡೆಗಳು ವಿಮಾನದ ಓಡುದಾರಿಗಾಗಿ ತೆಂಗಿನ ಮರಗಳನ್ನು ಕಡಿದು, ಕೆಸುವಿನ ಜಾತಿಯ ಪುಲಕ ಬೆಳೆಯುತ್ತಿದ್ದ ಗುಂಡಿಗಳನ್ನು ಮುಚ್ಚಿದವು. ಓಡುದಾರಿಯ ಜಾಗದಲ್ಲಿ ಆ ಗುಂಡಿಗಳು ಕಂಡರೆ ಚಿತ್ರ ಅದಕ್ಕೂ ಹಿಂದಿನದು. 1972ರ ಅಕ್ಟೋಬರಿನಲ್ಲಿ ಬೆಬೆ ಚಂಡಮಾರುತವು ಅದೇ ಹವಳದ್ವೀಪದ ಅಂಚಿನಲ್ಲಿ ಸುಮಾರು 19 ಕಿಲೋಮೀಟರ್ ಉದ್ದದ ಹವಳಗಲ್ಲಿನ ದಿಬ್ಬವನ್ನು ಎತ್ತಿಹಾಕಿತಲ್ಲದೆ ಮನೆಗಳಲ್ಲಿ ಬಹುಪಾಲನ್ನು ಕೆಡವಿತು. ಹೀಗಾಗಿ ಕೇದಗೆ ಜಾತಿಯ ಗರಿ ಹೊದಿಸಿದ ಮನೆಗಳ ಸಾಲು ಕಂಡಾಗ ಅದು ಆ ವರ್ಷಕ್ಕೆ ಮುಂಚಿನದೆಂದು ಊಹಿಸಬಹುದು. ಊಹೆಯನ್ನು ಊಹೆಯೆಂದೇ ನಮೂದಿಸಬೇಕು.

ಹೊರದೇಶಗಳ ಸಂಗ್ರಹಾಲಯಗಳಲ್ಲಿ ‘ತುವಾಲು’ ಎಂದಷ್ಟೇ ಹುಡುಕಿದರೆ ಸಾಲದು. ಈ ದೇಶ ಸ್ವತಂತ್ರವಾದದ್ದು 1978ರಲ್ಲಿ. ಅದಕ್ಕೆ ಮುನ್ನ ಬಹುಕಾಲ ಇದು ‘ಎಲ್ಲಿಸ್ ದ್ವೀಪಗಳು’ ಎಂದೂ ‘ಗಿಲ್ಬರ್ಟ್ ಮತ್ತು ಎಲ್ಲಿಸ್ ದ್ವೀಪಗಳು’ ಎಂದೂ ಕಡತಗಳಲ್ಲಿ ದಾಖಲಾಗಿದೆ. 1896ರಿಂದ 1898ರ ನಡುವೆ ಹವಳದ್ವೀಪದ ರಚನೆಯನ್ನು ಅರಿಯಲು ಬ್ರಿಟನ್ನಿನ ವಿಜ್ಞಾನ ಸಂಸ್ಥೆಯಾದ ರಾಯಲ್ ಸೊಸೈಟಿಯ ತಂಡಗಳು ಫುನಾಫುತಿಯಲ್ಲಿ ನೆಲ ಕೊರೆದಿದ್ದವು. ಅಂಥ ವಿಜ್ಞಾನ ಕಡತಗಳ ನಡುವೆಯೂ ಜನಜೀವನದ ಚಿತ್ರಗಳಿಗಾಗಿ ಹುಡುಕಬೇಕು.

ಮೂಲ ಚಿತ್ರಗಳಿಗೆ ಉಪ್ಪುಗಾಳಿ ಮತ್ತು ತೇವ ದೊಡ್ಡ ಶತ್ರುಗಳು. ಶುಭ್ರವಾದ ಕೈಗವಸು ತೊಟ್ಟು, ಅಂಚನ್ನಷ್ಟೇ ಹಿಡಿದು, ಒಂದೊಂದನ್ನೂ ಆಮ್ಲರಹಿತ ಕಾಗದದ ಲಕೋಟೆಯಲ್ಲಿಟ್ಟು, ತೇವ ಹೀರುವ ಸಿಲಿಕಾ ಜೆಲ್ ಇರಿಸಿದ ಬಿಗಿಯಾದ ಪೆಟ್ಟಿಗೆಯಲ್ಲಿ ಜೋಡಿಸಬೇಕು. ವಿನೆಗರ್ ವಾಸನೆ ಸೂಸುವ ಫಿಲ್ಮ್ ಕೊಳೆಯಲಾರಂಭಿಸಿದೆ ಎಂದರ್ಥ. ಅದನ್ನು ಕೂಡಲೇ ಬೇರೆಡೆ ಇರಿಸಿ, ಸ್ಕ್ಯಾನ್ ಮಾಡುವಾಗ ಮೊದಲ ಸರದಿ ಕೊಡಬೇಕು. ಅಂಟುಪಟ್ಟಿಯನ್ನಂತೂ ಹತ್ತಿರ ಸುಳಿಯಗೊಡಬಾರದು.

ಕಾಗದದ ಚಿತ್ರವನ್ನು ಕನಿಷ್ಠ 600 ಡಿಪಿಐಯಲ್ಲಿ (ಅಂಗುಲಕ್ಕೆ 600 ಚುಕ್ಕೆಗಳಂತೆ), ಕಪ್ಪುಬಿಳುಪಾಗಿದ್ದರೂ ಬಣ್ಣದ ವಿಧಾನದಲ್ಲೇ, ಚಿತ್ರದ ವಿವರ ಕುಂದದಂತೆ ಉಳಿಸುವ ಟಿಫ್ ಮಾದರಿಯ ಕಡತವಾಗಿ ಉಳಿಸಬೇಕು. ಹಿಂಬದಿಯ ಕೈಬರಹವೂ ಸ್ಕ್ಯಾನ್ ಆಗಲಿ. ಕಲೆ, ಬಿರುಕುಗಳನ್ನು ತಿದ್ದುವುದಾದರೆ ಇನ್ನೊಂದು ಪ್ರತಿಯಲ್ಲಿ ತಿದ್ದಬೇಕು. ಕಡತದ ಮೂರು ಪ್ರತಿಗಳಲ್ಲಿ ಒಂದಾದರೂ ದೇಶದ ಹೊರಗಿರಬೇಕು, ಏಕೆಂದರೆ ಒಂದೇ ಚಂಡಮಾರುತ ಒಂದು ದ್ವೀಪದ ಎಲ್ಲ ಪೆಟ್ಟಿಗೆಗಳನ್ನೂ ತೊಯ್ಯಿಸಬಲ್ಲದು. ಆಲ್ಬಮ್ಮನ್ನು ಮನೆಯವರಿಗೆ ಮರಳಿಸುವಾಗ ಹೊಸ ಪ್ರತಿಗಳನ್ನೂ, ಹಿರಿಯರು ಹೇಳಿದ ಹೆಸರುಗಳ ಪಟ್ಟಿಯನ್ನೂ ಜೊತೆಗಿಟ್ಟು ಕೊಡಬೇಕು.