ನೋವು ಬರುವ ಮೊದಲೇ ಹಲ್ಲು ನೋಡಿಕೊಳ್ಳುವುದು ಹೇಗೆ

ಹಲ್ಲುಜ್ಜಿದ ಮೇಲೆ ಬಾಯಿ ಮುಕ್ಕಳಿಸಬೇಡಿ. ನೊರೆ ಉಗುಳಿ, ಅಷ್ಟೇ. ಇದೊಂದನ್ನೇ ಓದಿ ಎದ್ದು ಹೋದರೂ ನನಗೆ ಬೇಜಾರಿಲ್ಲ. ಪೇಸ್ಟಿನಲ್ಲಿರುವ, ಹಲ್ಲು ಗಟ್ಟಿ ಮಾಡುವ ಫ್ಲೋರೈಡ್ ಹಲ್ಲಿನ ಮೇಲೆ ಸ್ವಲ್ಪ ಹೊತ್ತು ಉಳಿದರೇ ಉಪಯೋಗ. ಬಾಯಿ ತುಂಬಾ ನೀರು ಹಾಕಿ ತೊಳೆದುಬಿಟ್ಟರೆ ಪೇಸ್ಟಿಗೆ ಕೊಟ್ಟ ದುಡ್ಡು ಸಿಂಕಿಗೆ ಹೋಯಿತು ಅಂತಲೇ ಲೆಕ್ಕ.

ನಾನು ಸಮುದಾಯ ದಂತವೈದ್ಯ. ಹಾಗಂದರೆ ಏನು ಕೆಲಸ ಅಂತ ನೆಂಟರಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. "ಸ್ವಂತ ಕ್ಲಿನಿಕ್ ಇಲ್ವಾ?" ಅಂತ ಮಾತ್ರ ಕೇಳುತ್ತಾರೆ. ಕ್ಲಿನಿಕ್ಕಿನಲ್ಲಿ ಕುರ್ಚಿ ಮೇಲೆ ಬಂದು ಕೂತವರು ಪೇಷಂಟ್. ನಮಗೆ ಇಡೀ ಶಾಲೆಯೇ ಪೇಷಂಟ್, ಇಡೀ ವೃದ್ಧಾಶ್ರಮವೇ ಪೇಷಂಟ್, ಅವರಲ್ಲಿ ಆ ಕುರ್ಚಿವರೆಗೆ ಯಾವತ್ತೂ ಬರದವರೇ ಜಾಸ್ತಿ. ಸಾಮಾನು ಕಮ್ಮಿ. ತಲೆಗೆ ಕಟ್ಟಿಕೊಳ್ಳುವ ಲೈಟು, ಸಣ್ಣ ಕನ್ನಡಿ, ತುದಿಯಲ್ಲಿ ಅರ್ಧ ಮಿಲಿಮೀಟರಿನ ಗುಂಡು ಇರುವ ಒಂದು ಕಡ್ಡಿ. ಗುಂಡು ಯಾಕೆ ಅಂದರೆ, ಹುಳುಕು ಈಗಷ್ಟೇ ಶುರುವಾದ ಜಾಗವನ್ನು ಚೂಪು ಕಡ್ಡಿಯಿಂದ ಚುಚ್ಚಿದರೆ ಉಳಿಯಬಹುದಾಗಿದ್ದ ಮೇಲ್ಪದರವನ್ನು ನಾವೇ ಒಡೆದ ಹಾಗಾಗುತ್ತದೆ.

ನೋಡುವುದು, ಎಣಿಸುವುದು, ಬರೆದುಕೊಳ್ಳುವುದು. ಹುಳುಕಾದ ಹಲ್ಲೆಷ್ಟು, ಹುಳುಕಿನಿಂದ ಕೀಳಿಸಿದ್ದೆಷ್ಟು, ತುಂಬಿಸಿದ್ದೆಷ್ಟು ಅಂತ ಕೂಡಿಸುವ ಈ ಲೆಕ್ಕ 1938ರಿಂದ ನಡೆದು ಬಂದಿದೆ. ದೇಶ ದೇಶಗಳನ್ನು ಹೋಲಿಸುವಾಗ ಸಾಮಾನ್ಯವಾಗಿ 12 ವರ್ಷದ ಮಕ್ಕಳನ್ನು ನೋಡುತ್ತಾರೆ. ಬೋರಿನ ಕೆಲಸ ಅಂತ ಅನ್ನಿಸಬಹುದು, ಕೆಲವು ದಿನ ನಿಜವಾಗಲೂ ಬೋರೇ. ಆದರೆ ಹೀಗೆ ಸಾಲಾಗಿ ಬಾಯಿ ನೋಡುತ್ತಾ ಹೋದರೆ ಒಂದು ವಿಷಯ ತಲೆಗೆ ಹತ್ತುತ್ತದೆ. ತೂತು ಬೀಳುವುದು ಹಣೆಬರಹದಿಂದ ಅಲ್ಲ, "ನಮ್ಮ ಮನೆತನದ ಹಲ್ಲೇ ಹೀಗೆ" ಅನ್ನುವುದರಿಂದಲೂ ಅಲ್ಲ. ಬಹಳಷ್ಟು ಸಲ ಅದೇ ಹಲ್ಲು, ಅದೇ ಜಾಗ, ಅದೇ ಕಾರಣ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಪಂಚದಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಕಾಯಿಲೆ ಇದೆ ಅಂತ ಅಂದಾಜು ಮಾಡಿತು. ಇಷ್ಟು ಜನರಿಗೆ ಡ್ರಿಲ್ ಹಿಡಿದು ಕೂತರೆ ಮುಗಿಯುವ ಕೆಲಸವಾ ಇದು? ಫಿಲ್ಲಿಂಗ್ ಹಾಕಿದರೆ ತೂತು ಮುಚ್ಚುತ್ತದೆ, ತೂತು ಮಾಡಿದ ಕಾಯಿಲೆ ಬಾಯಲ್ಲೇ ಇರುತ್ತದೆ. ಅದನ್ನು ನಿಲ್ಲಿಸುವ ಕೆಲಸ ಮನೆಯಲ್ಲೇ ಆಗಬೇಕು.

ಸಿಹಿ ಎಷ್ಟು ಅನ್ನೋದಕ್ಕಿಂತ ಎಷ್ಟು ಸಲ

ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಹಲ್ಲಿನ ಮೇಲೆ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಲು ಶುರು. ಆಮೇಲೆ ಜೊಲ್ಲು ನಿಧಾನವಾಗಿ ಆಮ್ಲ ತೊಳೆದು, ಕಳೆದುಹೋದ ಖನಿಜವನ್ನು ವಾಪಸ್ ತುಂಬುತ್ತದೆ. ಇದಕ್ಕೆ ಅರ್ಧ ಗಂಟೆಯೋ, ಅದಕ್ಕಿಂತ ಜಾಸ್ತಿಯೋ ಬೇಕು. ಈಗ ಯೋಚಿಸಿ. ಊಟದ ಜೊತೆ ಒಂದು ಸಿಹಿ ತಿಂದವರಿಗೆ ಈ ಇಳಿತ ಒಂದೇ ಸಲ. ಅಷ್ಟೇ ಸಿಹಿಯನ್ನು ಮೇಜಿನ ಮೇಲಿಟ್ಟುಕೊಂಡು ಮಧ್ಯಾಹ್ನ ಪೂರ್ತಿ ಚೂರುಚೂರೇ ಬಾಯಿಗೆ ಹಾಕಿಕೊಳ್ಳುವವರ ಹಲ್ಲಿಗೆ ಸುಧಾರಿಸಿಕೊಳ್ಳಲು ಬಿಡುವೇ ಇಲ್ಲ. ಗುಟುಕು ಗುಟುಕಾಗಿ ಕುಡಿಯುವ ಸಿಹಿ ಪಾನೀಯ ಇನ್ನೂ ಕೆಟ್ಟದ್ದು. ಹಾಗಾಗಿ ಸಿಹಿ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ಹೇಳಿದರೂ ಯಾರೂ ಬಿಡುವುದಿಲ್ಲ. ಊಟದ ಜೊತೆ ತಿಂದು ಮುಗಿಸಿ. ನಡುವೆ ಬಾಯಾರಿದರೆ ನೀರು ಕುಡಿಯಿರಿ.

ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ನಿದ್ದೆಯಲ್ಲಿ ಜೊಲ್ಲು ಬಹಳ ಕಮ್ಮಿಯಾಗುತ್ತದೆ, ತೊಳೆಯುವವರೇ ಇರುವುದಿಲ್ಲ. ಅದಕ್ಕೇ ಬೆಳಿಗ್ಗೆಗಿಂತ ರಾತ್ರಿ ಉಜ್ಜುವುದು ಮುಖ್ಯ. ತುಂಬಾ ಜನರಿಗೆ ಇದು ಉಲ್ಟಾ.

ಉಜ್ಜುವುದು

ಬ್ರಷ್ ಸಣ್ಣ ತಲೆಯದ್ದು, ಮೃದು ಎಳೆಯದ್ದು ಇರಲಿ. ಪೇಸ್ಟ್ ಕೊಳ್ಳುವಾಗ ಮುಂದಿನ ಬಣ್ಣದ ಚಿತ್ರ ಬಿಡಿ, ಹಿಂದಿನ ಸಣ್ಣ ಅಕ್ಷರ ಓದಿ. ಫ್ಲೋರೈಡ್ 1000ದಿಂದ 1500 ಪಿಪಿಎಂ ಒಳಗೆ ಇದ್ದರೆ ಯಾವ ಕಂಪನಿಯದ್ದಾದರೂ ನಡೆಯುತ್ತದೆ. ನೊರೆ ಜಾಸ್ತಿ ಬಂದರೆ ಚೆನ್ನಾಗಿ ಕ್ಲೀನ್ ಆಯಿತು ಅನ್ನುವುದು ಸುಳ್ಳು. ಇದ್ದಿಲ ಪುಡಿ ಅಂತೂ ನನಗೆ ಇಷ್ಟವಿಲ್ಲ, ಉಜ್ಜಿ ಉಜ್ಜಿ ಎನಾಮಲ್ಲೇ ಸವೆಯುತ್ತದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ಎಳೆಗಳು ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಅಂಚಿನ ಮೇಲೆ ಬರುವ ಹಾಗೆ ಬ್ರಷ್ ಸ್ವಲ್ಪ ಓರೆಯಾಗಿ ಹಿಡಿಯಿರಿ. ಇದ್ದಲ್ಲೇ ಪುಟ್ಟ ಪುಟ್ಟದಾಗಿ ಅಲುಗಾಡಿಸಿ, ಎರಡು ಮೂರು ಹಲ್ಲು ಆದ ಮೇಲೆ ಮುಂದಕ್ಕೆ. ಒಟ್ಟು ಎರಡು ನಿಮಿಷ. ಎಲ್ಲರೂ ಮರೆಯುವ ಎರಡು ಜಾಗ ಇವೆ: ಕೆಳಗಿನ ಮುಂದಿನ ಹಲ್ಲುಗಳ ಒಳಬದಿ, ಕೊನೆಯ ದವಡೆ ಹಲ್ಲಿನ ಹಿಂಬದಿ. ಸರಿಯಾಗಿ ಆಯ್ತಾ ಅಂತ ನೋಡಬೇಕಾ? ವಸಡಿನ ಅಂಚಿನಲ್ಲಿ ಉಗುರಿನಿಂದ ಮೆತ್ತಗೆ ಕೆರೆಯಿರಿ. ಬೆಳ್ಳಗೆ, ಮೆತ್ತಗೆ, ಅಂಟಂಟಾಗಿ ಏನಾದರೂ ಬಂದರೆ ಅದೇ ಪಾಚಿ, ಅಲ್ಲಿಗೆ ಬ್ರಷ್ ಮುಟ್ಟಿಲ್ಲ.

ಒಂದೇ ತಿಂಗಳಲ್ಲಿ ಬ್ರಷ್ಷಿನ ಎಳೆ ಕೆದರಿ ಹೋಗುತ್ತಿದ್ದರೆ ನೀವು ಒತ್ತುವುದು ಜಾಸ್ತಿ. ಹಲ್ಲಿನ ಸಂದಿಗೆ ಬ್ರಷ್ ಹೋಗುವುದೇ ಇಲ್ಲ. ಸಂದಿ ದೊಡ್ಡದಿದ್ದರೆ ಸಂದಿಗೇ ಅಂತ ಬರುವ ಪುಟ್ಟ ಬ್ರಷ್, ಬಿಗಿಯಿದ್ದರೆ ಫ್ಲಾಸ್ ದಾರ. ದಿನಕ್ಕೊಂದು ಸಲ ಸಾಕು. ಹುಳಿ ಪಾನೀಯ ಕುಡಿದ ಮೇಲೋ ವಾಂತಿಯಾದ ಮೇಲೋ ತಕ್ಷಣ ಉಜ್ಜಬೇಡಿ, ಬರೀ ನೀರಿನಲ್ಲಿ ಮುಕ್ಕಳಿಸಿ, ಅರ್ಧ ಗಂಟೆ ಬಿಡಿ.

ಮಕ್ಕಳ ತುಟಿ ಎತ್ತಿ ನೋಡಿ

ತಿಂಗಳಿಗೊಮ್ಮೆ ಮಗುವನ್ನು ಬೆಳಕಿಗೆ ಕೂರಿಸಿ ಮೇಲ್ತುಟಿ ಎತ್ತಿ. ಮುಂದಿನ ಹಲ್ಲುಗಳು ವಸಡಿಗೆ ಸೇರುವ ಕಡೆ ಸುಣ್ಣ ಬಳಿದ ಹಾಗೆ ಮಂಕು ಬಿಳಿ ಗೆರೆ ಕಾಣುತ್ತದಾ? ಹೊಳಪಿಲ್ಲದ ಆ ಗೆರೆಯೇ ಹುಳುಕಿನ ಮೊದಲ ಗುರುತು. ನೋವಿಲ್ಲ, ತೂತಿಲ್ಲ, ಮಗು ದೂರುವುದೂ ಇಲ್ಲ. ಇಲ್ಲಿ ಹಿಡಿದರೆ ಹಲ್ಲು ವಾಪಸ್ ಗಟ್ಟಿಯಾಗುತ್ತದೆ. ಫ್ಲೋರೈಡ್ ಹಚ್ಚಿ, ರಾತ್ರಿಯ ಬಾಟಲಿ ನಿಲ್ಲಿಸಿ, ದಿನಾ ಎರಡು ಸಲ ಉಜ್ಜಿದರೆ ಸಾಕಾಗಬಹುದು. ಕಂದು ಬಣ್ಣಕ್ಕೆ ತಿರುಗಿ ಮುರಿಯಲು ಶುರುವಾದ ಮೇಲೆ ದಾರಿ ಕಮ್ಮಿಯಾಗುತ್ತಾ ಹೋಗುತ್ತದೆ.

ಮೊದಲ ಹಲ್ಲು ಬಂದ ದಿನದಿಂದಲೇ ಉಜ್ಜಿ. ಮೂರು ವರ್ಷದವರೆಗೆ ಪೇಸ್ಟ್ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ನುಂಗದ ಹಾಗೆ ನೋಡಿಕೊಳ್ಳಿ, ಯಾಕಂದರೆ ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಫ್ಲೋರೈಡ್ ಜಾಸ್ತಿ ಹೋದರೆ ಕಲೆ ಬೀಳುತ್ತದೆ. ಕುಡಿಯುವ ನೀರಿನಲ್ಲೇ ಲೀಟರಿಗೆ 1.5 ಮಿಲಿಗ್ರಾಂ ಮೀರಿ ಫ್ಲೋರೈಡ್ ಇರುವ ಕಡೆ ದಂತವೈದ್ಯರನ್ನು ಕೇಳಿಯೇ ಪೇಸ್ಟ್ ಆರಿಸಿ. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು. "ಅವನೇ ಉಜ್ಜಿಕೊಳ್ತಾನೆ ಡಾಕ್ಟ್ರೇ" ಅಂತ ಹೆಮ್ಮೆಯಿಂದ ಹೇಳುವವರ ಮಕ್ಕಳ ಬಾಯಲ್ಲಿ ಹಿಂದಿನ ಹಲ್ಲುಗಳ ಗತಿ ನೋಡಬೇಕು!

ಇನ್ನು ಆರನೇ ವರ್ಷದ ಹಲ್ಲು. ನನ್ನ ಎಣಿಕೆಯಲ್ಲಿ ಅತಿ ಹೆಚ್ಚು ಸಲ ಸಿಗುವ ಹುಳುಕು ಇದರದ್ದೇ. ಹಾಲು ಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಸುಮ್ನೆ ಬಂದು ಕೂರುತ್ತದೆ. ಹಲ್ಲು ಬಿದ್ದಿಲ್ಲ, ಹಾಗಾಗಿ ಇದೂ ಹಾಲು ಹಲ್ಲೇ, ಹೋದರೆ ಇನ್ನೊಂದು ಬರುತ್ತದೆ ಅಂತ ಮನೆಯವರು ಅಂದುಕೊಳ್ಳುತ್ತಾರೆ. ಬರುವುದಿಲ್ಲ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಮೇಲೆ ಆಳವಾದ ಗೀರುಗಳಿದ್ದು ಬ್ರಷ್ಷಿನ ಎಳೆ ಒಳಗೆ ಹೋಗುವುದಿಲ್ಲ. ಪೂರ್ತಿ ಹೊರಬಂದ ಕೂಡಲೇ ಗೀರು ಮುಚ್ಚುವ ಸೀಲೆಂಟ್ ಹಾಕಿಸಿ. ಕೊರೆಯುವುದಿಲ್ಲ, ಸೂಜಿ ಇಲ್ಲ, ಸ್ವಲ್ಪ ಹೊತ್ತಿನ ಕೆಲಸ.

ಹಾಲು ಹಲ್ಲು ಹೇಗೂ ಬೀಳುತ್ತದೆ ಅಂತ ಬಿಡಬೇಡಿ. ಕೆಳಗಿನಿಂದ ಬರುವ ಹಲ್ಲಿಗೆ ಜಾಗ ಕಾಯುವುದು ಅದೇ. ಡ್ರಿಲ್ ಕಂಡರೆ ಅಳುವ ಮಕ್ಕಳಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನುವ ದ್ರವ ಇದೆ. ಹುಳುಕಿನ ಮೇಲೆ ಹಚ್ಚಿದರೆ ಅನೇಕ ಸಲ ಹುಳುಕು ಅಲ್ಲೇ ನಿಲ್ಲುತ್ತದೆ. ತೊಂದರೆ ಅಂದರೆ ಹುಳುಕಿದ್ದ ಜಾಗ ಕಪ್ಪಾಗುತ್ತದೆ, ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಗತ್ಯ ಔಷಧಿಗಳ ಪಟ್ಟಿಗೆ ಫ್ಲೋರೈಡ್ ಪೇಸ್ಟ್ ಜೊತೆ ಇದನ್ನೂ ಸೇರಿಸಿತು. ಕರೆಂಟಿಲ್ಲದ ಕಡೆ ಕೈಸಾಧನದಲ್ಲೇ ಹುಳುಕು ಕೆರೆದು ಗ್ಲಾಸ್ ಅಯನೋಮರ್ ಅನ್ನುವ ಸಿಮೆಂಟ್ ತುಂಬುವ ವಿಧಾನವೂ ಇದೆ. ಅದು ಶುರುವಾಗಿದ್ದು 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ. ನಮ್ಮ ವಿಭಾಗದವರಿಗೆ ಅದರ ಮೇಲೆ ಸ್ವಲ್ಪ ಅಭಿಮಾನ ಜಾಸ್ತಿ.

ವಸಡಿನಲ್ಲಿ ರಕ್ತ

ರಕ್ತ ಬಂತು ಅಂತ ಆ ಜಾಗ ಉಜ್ಜುವುದನ್ನು ಬಿಡುತ್ತಾರೆ. ಬಿಟ್ಟರೆ ಪಾಚಿ ಜಾಸ್ತಿಯಾಗಿ ರಕ್ತವೂ ಜಾಸ್ತಿಯಾಗುತ್ತದೆ. ಅಲ್ಲೇ ಮೆತ್ತಗೆ, ಆದರೆ ಬಿಡದೆ ಉಜ್ಜಿ. ಎರಡು ವಾರದಲ್ಲಿ ನಿಲ್ಲದಿದ್ದರೆ ತೋರಿಸಿ. ಪಾಚಿ ಗಟ್ಟಿಯಾಗಿ ಕೂತ ಕಿಟ್ಟ ಬ್ರಷ್ಷಿಗೆ ಬಗ್ಗುವುದಿಲ್ಲ, ಕ್ಲೀನಿಂಗ್ ಮಾಡಿಸಲೇಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅನ್ನುವ ಮಾತು ಎಲ್ಲ ಕಡೆ ಕೇಳುತ್ತೇನೆ. ಹಲ್ಲು ಆಗಲೇ ಸಡಿಲವಾಗಿತ್ತು, ಕಿಟ್ಟ ಅದನ್ನು ಹಿಡಿದುಕೊಂಡಿತ್ತು ಅಷ್ಟೇ. ಊದಿದ್ದ ವಸಡು ಇಳಿದ ಮೇಲೆ ಸಂದಿಯೂ ಕಾಣುತ್ತದೆ. ಸಕ್ಕರೆ ಕಾಯಿಲೆ ಇರುವವರು ವಸಡಿನ ಬಗ್ಗೆ ಇನ್ನೂ ಹುಷಾರಾಗಿರಿ. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ.

ಬಾಯಲ್ಲಿ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಎರಡು ವಾರವಾದರೂ ಹೋಗದಿದ್ದರೆ, ನೋವಿರಲಿ ಇಲ್ಲದಿರಲಿ, ತೋರಿಸಿ. ತಂಬಾಕು ಸೇದುವವರು, ಅಗಿಯುವವರು ಕನ್ನಡಿ ಮುಂದೆ ನಿಂತು ಕೆನ್ನೆಯ ಒಳಬದಿ, ನಾಲಿಗೆಯ ಪಕ್ಕ, ನಾಲಿಗೆಯ ಕೆಳಗೆ ಆಗಾಗ ನೋಡಿಕೊಳ್ಳಿ. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಪಕ್ಕಕ್ಕೆ ಎಳೆದರೆ ಹಿಂದಿನವರೆಗೂ ಕಾಣುತ್ತದೆ.

ನೋವು ಬಂದೇಬಿಟ್ಟರೆ

ತಣ್ಣನೆಯದು ತಾಗಿದಾಗ ಜುಮ್ ಅಂದು ತಕ್ಷಣ ಹೋದರೆ ಸಮಯ ಇದೆ. ಬಿಸಿ ತಾಗಿ ನೋವು ಬಹಳ ಹೊತ್ತು ಉಳಿದರೆ, ರಾತ್ರಿ ಎಬ್ಬಿಸಿದರೆ, ಹಲ್ಲಿನ ನರಕ್ಕೆ ತಾಗಿರುತ್ತದೆ. ಅಷ್ಟು ನೋವಿದ್ದದ್ದು ಒಂದು ದಿನ ತಾನಾಗೇ ನಿಂತರೆ ಖುಷಿ ಪಡಬೇಡಿ, ಒಳಗೆ ನರ ಸತ್ತಿರಬಹುದು. ಮುಂದಿನ ಸಲ ಕೀವಿನ ಜೊತೆ ಬರುತ್ತದೆ. ನೋವಿನ ಮಾತ್ರೆಯನ್ನು ಪುಡಿ ಮಾಡಿ ವಸಡಿನ ಮೇಲೆ ಇಡಬೇಡಿ, ಆಸ್ಪಿರಿನ್ ಇಟ್ಟು ವಸಡು ಬೆಳ್ಳಗೆ ಸುಟ್ಟುಕೊಂಡು ಬರುವವರಿದ್ದಾರೆ. ಹಿಂದಿನ ಸಲ ಮಿಕ್ಕ ಆಂಟಿಬಯೋಟಿಕ್ ನುಂಗಿದರೂ ಪ್ರಯೋಜನವಿಲ್ಲ, ಹಲ್ಲಿನೊಳಗೆ ಸತ್ತ ನರದ ಜಾಗಕ್ಕೆ ರಕ್ತವೇ ಹೋಗುವುದಿಲ್ಲ, ಔಷಧಿ ಹೇಗೆ ಹೋಗಬೇಕು? ರೂಟ್ ಕೆನಾಲ್ ಮಾಡಿಸಬೇಕು, ಇಲ್ಲವೇ ಕೀಳಿಸಬೇಕು. ಮುಖ ಊದಿ ಜ್ವರ ಬಂದು, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಬಿದ್ದು ದೊಡ್ಡ ಹಲ್ಲು ಪೂರ್ತಿ ಹೊರಬಂದರೆ ಹುಡುಕಿ ತನ್ನಿ. ಬಿಳಿ ಭಾಗ ಹಿಡಿಯಿರಿ, ಬೇರು ಮುಟ್ಟಬೇಡಿ, ಉಜ್ಜಬೇಡಿ. ಕೊಳೆ ಇದ್ದರೆ ಕೆಲವು ಸೆಕೆಂಡು ತೊಳೆದು ಅದೇ ಗೂಡಿಗೆ ವಾಪಸ್ ಇಟ್ಟು, ಬಟ್ಟೆ ಕಚ್ಚಿ ಹಿಡಿಸಿ. ಧೈರ್ಯ ಬರದಿದ್ದರೆ ಹಾಲಿನಲ್ಲಿ ಹಾಕಿ, ನೀರಿನಲ್ಲಿ ಬೇಡ, ಬೇರಿನ ಮೇಲಿನ ಜೀವಕೋಶಗಳು ನೀರಿನಲ್ಲಿ ಬೇಗ ಸಾಯುತ್ತವೆ. ಒಂದು ಗಂಟೆಯೊಳಗೆ ದಂತವೈದ್ಯರ ಹತ್ತಿರ ಇರಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಹಾಲು ಹಲ್ಲಾದರೆ ಮಾತ್ರ ವಾಪಸ್ ಇಡಬೇಡಿ.

ತೋರಿಸಲು ಹೋದಾಗ

ಎಲ್ಲರೂ ಆರು ತಿಂಗಳಿಗೊಮ್ಮೆ ಹೋಗಬೇಕು ಅಂತೇನಿಲ್ಲ. ವಸಡಿನ ಕಾಯಿಲೆ ಇರುವವರು ಮೂರು ತಿಂಗಳಿಗೊಮ್ಮೆಯೇ ಹೋಗಬೇಕಾಗಬಹುದು, ಹುಳುಕೇ ಇಲ್ಲದ ದೊಡ್ಡವರಿಗೆ ವರ್ಷದ ಮೇಲೆ ಹೋದರೂ ನಡೆಯುತ್ತದೆ. ಮತ್ತೆ ಯಾವಾಗ ಬರಲಿ, ಯಾಕೆ, ಅಂತ ಕೇಳಿ. ಏನಾದರೂ ಚಿಕಿತ್ಸೆ ಹೇಳಿದರೆ "ಈಗ ಮಾಡಿಸದಿದ್ದರೆ ಏನಾಗುತ್ತದೆ?" ಅಂತಲೂ ಕೇಳಿ, ಒಳ್ಳೆಯ ವೈದ್ಯರಿಗೆ ಈ ಪ್ರಶ್ನೆಯಿಂದ ಕೋಪ ಬರುವುದಿಲ್ಲ. ನೀವು ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ಜೊತೆಗಿರಲಿ. ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತಕ್ಕೆ ಕೊಡುವ ಮಾತ್ರೆ ಅಥವಾ ಇಂಜೆಕ್ಷನ್ ಇದ್ದರೆ ಹಲ್ಲು ಕೀಳಿಸುವ ಮೊದಲೇ ಹೇಳಿ, ಆದರೆ ನಿಮ್ಮಷ್ಟಕ್ಕೆ ನೀವೇ ಯಾವುದನ್ನೂ ನಿಲ್ಲಿಸಬೇಡಿ. ಕೀಳಿಸಿದ ದಿನ ಪೂರ್ತಿ ಉಗುಳಬೇಡಿ, ಮುಕ್ಕಳಿಸಬೇಡಿ, ಸೇದಬೇಡಿ. ಗೂಡಿನಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತು ಬಂದರೆ ಹಲ್ಲುನೋವಿಗಿಂತ ಜೋರಾದ ನೋವು ಕಾದಿರುತ್ತದೆ.